ಯಾರಿಗೂ ತಿಳ್ಯಂಗಿಲ್ಲ

ನಾಗಪುರದ ಸೀತಾಬರ್ಡಿ ಪೇಟೆಯ ಸೀರೆ ಅಂಗಡಿಯಲ್ಲಿ ಲೀಲಾ ಕಾಲು ಮಡಚಿ ಕೂತಳೆಂದರೆ ಅಂಗಡಿಯವನ ಅರ್ಧ ಗಂಟೆ ಹೋಯಿತು ಅನ್ನಿ. ಅವನೊಡನೆ ಮರಾಠಿ, ಪಕ್ಕದಲ್ಲಿ ಕೂತ ಜಯಾಳೊಡನೆ ಕನ್ನಡ.

"ಏಳುನೂರಕ್ಕ ಬರ್ತಾನ, ಮಾರಿ ನೋಡು ಅವಂದು. ನಾ ಏಳ್ತೀನಿ. ನೀ ನನ್ನ ಕೈ ಹಿಡದು ಹೊರಗ ಜಗ್ಗು."

"ಕರೀದಿದ್ರ ಏನ್ ಮಾಡೂದು ಲೀಲಕ್ಕ?"

"ಕರೀತಾನ. ಮುಂಜಾನಿಂದ ಬೋಣಿ ಆಗಿಲ್ಲ ಅವಂದು."

ಇದೆಲ್ಲ ನಗುನಗುತ್ತ, ಸೀರೆಯ ಸೆರಗು ಸವರುತ್ತ. ಅಂಗಡಿಯವನು ತನ್ನ ಸೀರೆಯನ್ನೇ ಹೊಗಳುತ್ತಿದ್ದಾರೆಂದು ತಿಳಿದು ಇನ್ನೆರಡು ಬಿಚ್ಚಿ ಹರವುತ್ತಿದ್ದ.

ಲೀಲಾಳ ಗಂಡ ಕಾಶೀನಾಥ ರೈಲ್ವೆ ಆಫೀಸಿನಲ್ಲಿ ಹೆಡ್ ಕ್ಲಾರ್ಕ್. ಹುಬ್ಬಳ್ಳಿಯಿಂದ ನಾಗಪುರಕ್ಕೆ ವರ್ಗವಾಗಿ ಬಂದು ಇಪ್ಪತ್ತೊಂದು ವರ್ಷವಾಗಿತ್ತು. ಜಯಾಳ ಗಂಡ ಉಮಾಪತಿ ಬ್ಯಾಂಕಿನವನು. ಮನೀಶ್ ನಗರದ ಒಂದೇ ಬಿಲ್ಡಿಂಗಿನಲ್ಲಿ ಕಾಶೀನಾಥನ ಮನೆ ಕೆಳಗೆ, ಉಮಾಪತಿಯ ಮನೆ ಮೇಲೆ. ಬಿಲ್ಡಿಂಗಿನ ಉಳಿದ ಹತ್ತು ಮನೆಯವರೂ ಮರಾಠಿಯವರು. ಹೀಗಾಗಿ ಸೊಸೈಟಿ ಮೀಟಿಂಗಿನಲ್ಲಿ, ಬಸ್ಸಿನಲ್ಲಿ, ದವಾಖಾನೆಯ ಸಾಲಿನಲ್ಲಿ, ಎದುರಿಗಿದ್ದವರ ಬಗ್ಗೆ ಎದುರಿಗೇ ಮಾತಾಡುವ ಸುಖ ಈ ಎರಡು ಮನೆಯ ಹೆಂಗಸರದಾಗಿತ್ತು. "ಎಂದಾರ ಒಂದಿನ ಸಿಕ್ಕೊಂಡ ಬೀಳ್ತೀರಿ" ಎಂದು ಕಾಶೀನಾಥ ಅನ್ನುತ್ತಲೇ ಇದ್ದ. "ಯಾರಿಗೂ ತಿಳ್ಯಂಗಿಲ್ಲ ಬಿಡ್ರಿ" ಎಂದು ಲೀಲಾ ಅನ್ನುತ್ತಲೇ ಇದ್ದಳು. ಅವಳ ಮಗಳು ಚಾರುಲತಾ, ಮೇಲಿನ ಮನೆಯ ಹೇಮಲತಾ, ಇಬ್ಬರೂ ಈ ಮಾತು ಕೇಳುತ್ತಲೇ ಬೆಳೆದವರು. ಶಾಲೆಯಲ್ಲಿ ಟೀಚರ ಮುಂದೆಯೇ ಟೀಚರ ಮೂಗಿನ ಸುದ್ದಿ ಆಡಿ ನಕ್ಕವರು. ಕನ್ನಡ ಅಕ್ಷರ ಮಾತ್ರ ಇಬ್ಬರಿಗೂ ಅಷ್ಟಕ್ಕಷ್ಟೆ.

೨೦೦೬ರ ದೀಪಾವಳಿಗೆ ಕಾಶೀನಾಥನ ಮನೆಗೆ ಕಂಪ್ಯೂಟರ್ ಬಂತು. ಹಾಲಿನಲ್ಲಿ ಬೇರೆ ಜಾಗವಿರಲಿಲ್ಲವಾದ್ದರಿಂದ ಕಾಶೀನಾಥನ ತಾಯಿ ಹೊನ್ನವ್ವನ ಮಂಚ ಎತ್ತಿ ಅಡಿಗೆಮನೆಯ ಬಾಗಿಲಿಗೆ ಹಾಕಿದರು. ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ. ಬೆಳಕು ಕಾಣುತ್ತಿತ್ತು, ಬಣ್ಣ ಕಾಣುತ್ತಿತ್ತು, ಮುಖ ಮಾತ್ರ ಕಾಣುತ್ತಿರಲಿಲ್ಲ.

"ಅದರ ಮುಂದ ದಿನಾ ಎರಡ ತಾಸು ಏನ್ ಮಾಡ್ತೀಯ?" ಎಂದು ಅಜ್ಜಿ ಬೆಳ್ಳುಳ್ಳಿ ಸುಲಿಯುತ್ತ ಚಾರುವನ್ನು ಕೇಳಿದಳು.

"ಆರ್ಕುಟ್ ಅಜ್ಜಿ. ಗೆಳ್ತ್ಯಾರು ನನಗ ಬರೀತಾರ. ಎಷ್ಟು ಬರದಾರ ಅಂತ ಹೆಸರಿನ ಕೆಳಗ ನಂಬರ್ ಬರ್ತೈತಿ. ಎಲ್ಲಾರಿಗೂ ಕಾಣ್ತೈತಿ."

"ಏನ್ ಬರೀತಾರ?"

"ಹಾಯ್, ಊಟಾ ಆತ, ಅಂತ."

"ಅದನ್ನ ಕೇಳಾಕ ಹೇಮಿ ಮ್ಯಾಲ ಅದಾಳಲ್ಲ. ಮೆಟ್ಟಲದಾಗ ನಿಂತು ಒದರು."

"ಒದರಿದ್ರ ನಂಬರ್ ಬರಂಗಿಲ್ಲ" ಎಂದಳು ಚಾರು.

ಹೇಮಿಯ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಅವಳು ಬಿ.ಎಸ್ಸಿ. ಮುಗಿಸಿ ಹತ್ತಿರದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಎರಡು ದಿನಕ್ಕೊಮ್ಮೆ ಸಂಜೆ ಕೆಳಗಿಳಿದು ಬಂದು, ಚಾರು ಎದ್ದ ಕುರ್ಚಿಯಲ್ಲಿ ಕಾಲು ಗಂಟೆ ಕೂತು, ಎಲ್ಲರಿಗೂ ಎರಡೆರಡು ಸಾಲು ಬರೆದು ಎದ್ದು ಹೋಗುತ್ತಿದ್ದಳು. ಆ ಕಾಲು ಗಂಟೆಗೇ ಅವಳ ಹೆಸರಿನ ಕೆಳಗೆ ಆರುನೂರ ನಲವತ್ತು. ದಿನಾ ಎರಡು ತಾಸು ಕೂತ ಚಾರುವಿಗೆ ನಾನೂರ ಹತ್ತು.

"ನಿನಗ್ಯಾಕ ಇಷ್ಟ ಮಂದಿ ಬರೀತಾರ?" ಎಂದು ಚಾರು ಒಂದು ಸಂಜೆ ಕೇಳಿಯೇಬಿಟ್ಟಳು.

"ನಾ ಹೊಳ್ಳಿ ಬರೀತೀನಲ್ಲ, ಅದಕ್ಕ" ಎಂದಳು ಹೇಮಿ. "ನೀ ನಿಂದ ಹೇಳ್ಕೋತ ಕೂಡ್ತಿ."

ಚಾರುವಿಗೆ ಒಂದು ಯುಕ್ತಿ ಕೈಗೆ ಹತ್ತಿದ್ದು ಅದೇ ವಾರ. ಹೇಮಿಯ ಪುಟದ ಮೇಲೆ ಸುಮ್ಮನೆ ಇಂಗ್ಲಿಷ್ ಅಕ್ಷರದಲ್ಲಿ ಎರಡು ಸಾಲು ಕನ್ನಡ ಬರೆದಳು. ಇಬ್ಬರಿಗೂ ಗೊತ್ತಿದ್ದ ಕಾಲೇಜಿನ ಹುಡುಗಿಯರೆಲ್ಲ ಮರಾಠಿಯವರು. ಇದೇನು ಬರೆದಿದ್ದೀ, ಯಾರ ಬಗ್ಗೆ ಬರೆದಿದ್ದೀ ಎಂದು ಒಂದೇ ದಿನ ಒಂಬತ್ತು ಮಂದಿ ಚಾರುವಿಗೆ ಬರೆದರು. ಅಂದು ಅವಳು ಎರಡು ರೊಟ್ಟಿ ಹೆಚ್ಚು ಉಂಡಳು.

ಡಿಸೆಂಬರಿನಲ್ಲಿ ಹೇಮಿಯನ್ನು ನೋಡಲು ಹುಬ್ಬಳ್ಳಿಯಿಂದ ಬಂದರು. ಸಂಬಂಧ ತಂದವಳು ಲೀಲಾಳೇ. ಹುಡುಗ ಬಸವಂತ ಪಾಲಿಟೆಕ್ನಿಕ್ಕಿನಲ್ಲಿ ಮೇಷ್ಟ್ರು, ಅವನ ತಾಯಿ ಲೀಲಾಳ ಚಿಕ್ಕಮ್ಮನ ಮಗಳು. ತಾಯಿ, ಹುಡುಗ, ಅವನ ತಂಗಿ ರಾಗಿಣಿ, ಮೂವರೂ ಕೆಳಗೆ ಲೀಲಾಳ ಮನೆಯಲ್ಲೇ ಇಳಿದುಕೊಂಡರು; ಹುಡುಗಿ ನೋಡುವುದಕ್ಕೆ ಹದಿನೆಂಟು ಮೆಟ್ಟಿಲು ಹತ್ತಿದರು.

ಜಯಾ ಅವಲಕ್ಕಿ ಮಾಡಿದ್ದಳು, ಮೇಲೆ ನಾಗಪುರದ ಸಂತ್ರಾ ಬರ್ಫಿ. ಹುಡುಗನ ತಾಯಿ ಒಂದು ಬರ್ಫಿ ತಿಂದರು, ಇನ್ನೊಂದು ಕೇಳಿದರು. ಆಮೇಲೆ ಯಾರೂ ನೋಡುತ್ತಿಲ್ಲವೆಂದುಕೊಂಡು ಎರಡನ್ನು ಕರವಸ್ತ್ರದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿದರು. ಅಡಿಗೆಮನೆಯ ಪರದೆಯ ಸಂದಿಯಿಂದ ಚಾರು ನೋಡಿದಳು.

ಅವರು ಕೆಳಗಿಳಿದ ಮೇಲೆ ಚಾರು ಅಡಿಗೆಮನೆಯಲ್ಲಿ ಅದನ್ನೇ ಮಾಡಿ ತೋರಿಸಿದಳು. ಸೆರಗು ಹೊದ್ದು, ಆಚೀಚೆ ನೋಡಿ, ಎರಡು ಬೆರಳಿನಲ್ಲಿ ಬರ್ಫಿ ಎತ್ತಿ. ಹೇಮಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

"ಸಾಕು ಸಾಕು. ಅವ್ವ ಕೇಳಿಸಿಕೊಂಡಾಳು."

"ಹುಡುಗ ಹೆಂಗ ಅನಸ್ತು?"

ಹೇಮಿ ತಟ್ಟೆ ತೊಳೆಯುತ್ತಲೇ ಇದ್ದಳು. "ಗಣಿತದ ಪುಸ್ತಕಾ ಯಾವುದು ಕಲಸ್ತೀರಿ ಅಂತ ಕೇಳಿದ್ರು. ಬ್ಯಾರೆ ಯಾರೂ ಇದನ್ನ ಕೇಳಿಲ್ಲ ನೋಡು." ಅಷ್ಟು ಹೇಳಿ ತೊಳೆದ ತಟ್ಟೆಯನ್ನೇ ಮತ್ತೊಮ್ಮೆ ತೊಳೆದಳು.

ಒಪ್ಪಿಗೆ ಎಂದು ನಾಲ್ಕೇ ದಿನಕ್ಕೆ ಫೋನು ಬಂತು. ಜಯಾ ಕೆಳಗೆ ಬಂದು ಲೀಲಾಳ ಎರಡೂ ಕೈ ಹಿಡಿದುಕೊಂಡು ಅತ್ತಳು. ಶಿವರಾತ್ರಿ ಕಳೆದ ಮೇಲೆ ನಿಶ್ಚಯ, ಬೇಸಿಗೆಗೆ ಮದುವೆ ಎಂದಾಯಿತು. ಹೇಮಿಯ ಪುಟದಲ್ಲಿ ಅಂದೇ ಅರವತ್ತು ಮಂದಿ ಶುಭಾಶಯ ಬರೆದರು. ಚಾರು ಆ ಅರವತ್ತನ್ನೂ ಓದಿದಳು. ಓದಿ, ಕೆಳಗೆ ತಾನೂ ಬರೆದಳು:

"ನಿಮ್ಮತ್ತಿ ಹುಡುಗಿ ನೋಡಾಕ ಬಂದಿದ್ಲೋ ಬರ್ಫಿ ನೋಡಾಕ ಬಂದಿದ್ಲೋ? ಮದುವಿ ಆದ ಮ್ಯಾಲ ಅಡಿಗಿಮನಿಗೆ ಕೀಲಿ ಹಾಕತೀನಿ, ಇಲ್ಲಾಂದ್ರ ಆ ಹೆಗ್ಗಣ ಡಬ್ಬಿ ಬಿಡಂಗಿಲ್ಲ ಅಂತ ನೀನ ಅಂದೀಯಲ್ಲ, ಬರೋಬರ್ ಐತಿ."

ಹೇಮಿ ಹಾಗೆ ಅಂದಿರಲಿಲ್ಲ. ಆದರೆ ಚಾರು ತಾನೇ ಅಂದೆನೆಂದು ಬರೆದರೆ ಅದರಲ್ಲಿ ಏನು ಮಜ.

ಇದೇನು ಬರೆದಿದ್ದೀ ಎಂದು ಹನ್ನೆರಡು ಮಂದಿ ಕೇಳಿದರು. ಚಾರು ಒಬ್ಬೊಬ್ಬರಿಗೂ ಮರಾಠಿಯಲ್ಲಿ ಬಿಡಿಸಿ ಹೇಳಿದಳು. ಎರಡು ದಿನಕ್ಕೆ ಕಾಲೇಜಿನ ಕ್ಯಾಂಟೀನಿನಲ್ಲೆಲ್ಲ 'ಬರ್ಫೀವಾಲಿ ಸಾಸೂ', ಬರ್ಫಿ ಅತ್ತೆ, ಎಂಬ ಹೆಸರಾಯಿತು.

ಹೇಮಿ ಸಂಜೆ ಬಂದು ಕೂತು ನೋಡಿದಳು. ಅವಳ ಕೈ ಮೌಸಿನ ಮೇಲೆ ನಿಂತಿತು. "ಚಾರು, ಇದನ್ನ ತಗೀತೀನಿ. ನಾ ಎಂದ ಅಂದೀನಿ ಹಿಂಗ?"

"ತಗದ್ರ ನನ್ನ ಮ್ಯಾಲ ಸಿಟ್ಟಾಗೀ ಅಂತಾರ ಎಲ್ಲಾರೂ. ಇನ್ನೂ ಬರಾಕತ್ತಾವ, ಎರಡ ದಿನ ಇರ್ಲಿ."

"ಅವರ ಪೈಕಿ ಯಾರರ ನೋಡಿದ್ರ?"

"ಹುಬ್ಬಳ್ಳ್ಯಾಗ ಕುಂತು ನಿನ್ನ ಪೇಜ್ ಯಾರು ನೋಡ್ತಾರ? ನಾಗಪುರದಾಗ ಯಾರಿಗೂ ತಿಳ್ಯಂಗಿಲ್ಲ. ಒಂದು ನಗೂ ಮಾರಿ ಹಾಕಿಬಿಡು, ಮುಗೀತು."

ಹೇಮಿ ಒಂದು ನಗುಮುಖ ಒತ್ತಿ ಎದ್ದು ಹೋದಳು. ಮೇಲಿನಿಂದ ಜಯಾ ಬಿಸಿ ರೊಟ್ಟಿಗೆ ಕರೆಯುತ್ತಿದ್ದಳು.

ಹೊಸ ವರ್ಷದ ಮೊದಲ ಭಾನುವಾರ ಬೆಳಿಗ್ಗೆ ಫೋನು ಬಡಿದುಕೊಂಡಿತು. ಲೀಲಾ ಅವಲಕ್ಕಿಯ ಮೇಲೆ ಖಾರದ ತರ್ರಿ ಬಡಿಸುತ್ತಿದ್ದವಳು ಸೌಟು ಹಿಡಿದೇ ಎತ್ತಿದಳು. "ಹೇಳಕ್ಕಾ" ಎಂದು ಹುಬ್ಬಳ್ಳಿಯ ಅಕ್ಕನ ಮಾತನ್ನು ಹತ್ತು ನಿಮಿಷ ನಿಂತೇ ಕೇಳಿದಳು. ಸೌಟಿನಿಂದ ತರ್ರಿ ನೆಲಕ್ಕೆ ಹನಿಯುತ್ತಿತ್ತು. ಫೋನಿಟ್ಟು, "ಏನ್ರಿ, ಆ ಕಂಪ್ಯೂಟರ್ ಡಬ್ಬಿ ಹಚ್ರಿ. ಹೇಮಿ ಹೆಸರಿಂದು ತಗೀರಿ" ಎಂದಳು.

ಚಾರು ಸ್ನಾನ ಮುಗಿಸಿ ಬರುವಷ್ಟರಲ್ಲಿ ಕಾಶೀನಾಥ ಕನ್ನಡಕ ಏರಿಸಿ, ಇಂಗ್ಲಿಷ್ ಅಕ್ಷರದ ಕನ್ನಡವನ್ನು ಒಂದೊಂದೇ ಕೂಡಿಸಿ, ದೊಡ್ಡ ದನಿಯಲ್ಲಿ ಓದುತ್ತಿದ್ದ. "ಆ... ಹೆಗ್... ಹೆಗ್ಗಣ... ಡಬ್ಬಿ..." ಅಲ್ಲಿಗೆ ನಿಲ್ಲಿಸಿದ.

"ಮುಂದ ಓದ್ರಿ" ಎಂದಳು ಲೀಲಾ.

"ಮುಂದ ಏನಿಲ್ಲ. ಕೆಳಗ ಚಾರೂನ ಫೋಟೋ ಐತಿ."

"ಯಾರಿಗೆ ಹೆಗ್ಗಣ ಅಂದಾರ?" ಅಡಿಗೆಮನೆಯ ಬಾಗಿಲಿನಿಂದ ಅಜ್ಜಿ ಕೇಳಿದಳು.

ಲೀಲಾ ಮಗಳ ಕಡೆ ತಿರುಗಿದಳು. "ಆ ಎರಡ ಬರ್ಫಿ ಯಾಕ ಕಟ್ಟಿಕೊಂಡ್ರು ಗೊತ್ತೈತೇನು ನಿನಗ? ಅವರ ಯಜಮಾನ್ರು ಇಲ್ಲೇ ಸಾವನೇರದ ಕಲ್ಲಿದ್ದಲ ಖಾಣ್ಯಾಗ ಹತ್ತು ವರ್ಷ ನೌಕ್ರಿ ಮಾಡಿದವರು. ಈಗ ಪಾರ್ಶ್ವ ಹೊಡದು ಹಾಸಿಗಿ ಹಿಡದಾರ. ನಾಗಪುರಕ್ಕ ಹೊಂಟೀಯಲ್ಲ, ಸಂತ್ರಾ ಬರ್ಫಿ ತಾ ಅಂದಿದ್ರಂತ. ಅಂಗಡಿ ಎಲ್ಲೈತಿ ಅಂತ ಬೀಗರ ಮನ್ಯಾಗ ಕೇಳೂದು ಹೆಂಗ ಅಂತ ನಾಚಿ ಎರಡು ಕಟ್ಟಿಕೊಂಡಾಳ ಅಕಿ. ರಾಗಿಣಿ ಹೇಮೀದು ಫೋಟೋ ನೋಡೂಣು ಅಂತ ಹೋಗಿ ಇದನ್ನ ಓದ್ಯಾಳ. ಅವ್ವನ ಮುಂದ ಓದ್ಯಾಳ. ಆ ಮನಶ್ಯಾನ ಮುಂದ ಓದ್ಯಾಳ."

"ನನಗೇನ್ ಗೊತ್ತು" ಎಂದಳು ಚಾರು. ತಲೆಯಿಂದ ನೀರು ಇಳಿಯುತ್ತಿತ್ತು.

"ಗೊತ್ತಿಲ್ಲದ್ದು ಬರಿಯಾಕ ಯಾರ ಹೇಳಿದ್ರು?"

ಮಧ್ಯಾಹ್ನ ಜಯಾ ಮತ್ತು ಹೇಮಿ ಕೆಳಗಿಳಿದು ಬಂದರು. ಜಯಾ ಕೂಡಲಿಲ್ಲ. ಹೇಮಿ ಅತ್ತಿರಲಿಲ್ಲ, ಮುಖ ಮಾತ್ರ ಜ್ವರ ಬಿಟ್ಟವರ ಹಾಗಿತ್ತು.

"ಚಾರು, ನೀ ಒಂದ ಫೋನ್ ಮಾಡು" ಎಂದಳು. "ಆ ಮಾತು ನಂದಲ್ಲ, ನಿಂದು ಅಂತ ಹೇಳು. ಮತ್ತೇನ ಹೇಳಬ್ಯಾಡ. ಅವರು ನನ್ನ ಕರಕೊಂಡ್ರ ಕರಕೋತಾರ, ಬಿಟ್ರ ಬಿಡ್ತಾರ. ನಾ ಅಂದಿಲ್ಲ ಅಂತ ಅವರಿಗೆ ಗೊತ್ತಾಗಬೇಕು."

ಅವರು ಎಂದರೆ ಯಾರೆಂದು ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿಯಿತು. ಗಣಿತದ ಪುಸ್ತಕ ಕೇಳಿದವನು.

"ಹೇಳ್ತೀನಿ" ಎಂದಳು ಚಾರು. "ನಾಳೆನ ಹೇಳ್ತೀನಿ. ಆಣಿ ಮಾಡಿ."

ಅವರು ಮೆಟ್ಟಿಲು ಹತ್ತಿದ ಸದ್ದು ನಿಲ್ಲುವವರೆಗೂ ಕಾದು ಲೀಲಾ ಬಾಗಿಲು ಹಾಕಿದಳು.

"ಫೋನ್ ಮುಟ್ಟಿದ್ರ ಕೈ ಮುರೀತೀನಿ."

"ಅವ್ವಾ, ಹೇಮಿಗೆ ಮಾತು ಕೊಟ್ಟೀನಿ."

"ನಾಳೆ ನಿನಗ ಗಂಡ ನೋಡಬೇಕಾದ್ರೂ ಅದ ಹುಬ್ಬಳ್ಳಿ, ಅದ ಬಳಗ. ಹಿರ್ಯಾರಿಗೆ ಹೆಗ್ಗಣ ಅಂದ ಹುಡುಗಿ ಇಕೀನ ಅಂತ ನೀನ ಬಾಯಿ ಬಿಟ್ಟು ಹೇಳ್ತೀಯೇನು? ನನ್ನ ತವರಿಗೆ ನಾ ಹೆಂಗ ಕಾಲಿಡ್ಲಿ?"

"ಹೇಳ್ಲಿ ಬಿಡು ಲೀಲಾ" ಎಂದ ಕಾಶೀನಾಥ. "ಬರದಾಕಿ ಅಕಿ. ಒಂದ ಮಾತಿನಾಗ ಮುಗೀತೈತಿ."

"ನೀವು ಸುಮ್ನಿರ್ರಿ. ಆ ಡಬ್ಬಿ ತಂದವರು ನೀವ."

ಕಾಶೀನಾಥ ಎದ್ದು ಕಂಪ್ಯೂಟರಿನ ವೈರು ಕಿತ್ತ. ಮೂರನೆಯ ದಿನ, ಪೇಪರು ತಡವಾಗಿ ಬಂತೆಂದು ಸುದ್ದಿ ನೋಡಲು ತಾನೇ ಹಚ್ಚಿದ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಲೀಲಾ ಹುಬ್ಬಳ್ಳಿಗೆ ಫೋನು ಮಾಡಿದಳು. ಚಾರು ಅಜ್ಜಿಯ ಮಂಚದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

"ಅಕ್ಕಾ, ಕಾಲ ಹಿಡೀತೀನಿ. ನಮ್ಮ ಚಾರೂಗ ಏನೂ ಗೊತ್ತಿಲ್ಲ. ಆ ಹೇಮಿ ದಿನಾ ಸಂಜಿಕೆ ನಮ್ಮ ಕಂಪ್ಯೂಟರ್ ಮುಂದನ ಕೂಡ್ತಿದ್ಲು. ಚಾರೂನ ಹೆಸರಿಲೆ ಅಕೀನ ಬರದಾಳ, ಮ್ಯಾಲ ತಾನ ನಗೂ ಹಾಕ್ಕೊಂಡಾಳ, ನೀವ ನೋಡೀರಲ್ಲ. ಮನೀ ಬಾಜೂಕ ಇದ್ರೂ ಹುಡುಗಿ ಇಂಥಾಕಿ ಅಂತ ನನಗ ತಿಳೀಲಿಲ್ಲ ಅಕ್ಕಾ. ನನ್ನ ಕಣ್ಣಿಗೆ ಮಣ್ಣು ಬಿದ್ದಿತ್ತು."

ಅವರೆಕಾಳು ಒಂದು ಬುಟ್ಟಿಯಿಂದ ಹೊರಗೆ ಬಿದ್ದು ಉರುಳಿತು. ಚಾರು ಎದ್ದು ಹೆಕ್ಕಿ ಬುಟ್ಟಿಗೆ ಹಾಕಿದಳು, ಮತ್ತೆ ಕೂತಳು. ಹದಿನೆಂಟು ಮೆಟ್ಟಿಲು ಹತ್ತಿದ್ದರೆ ಸಾಕಿತ್ತು. ಹತ್ತಲಿಲ್ಲ. ಮಧ್ಯಾಹ್ನಕ್ಕೆ ಅವರೆಕಾಳಿನ ಸಾರು ಆಯಿತು, ಎಲ್ಲರೂ ಉಂಡರು.

ಹುಬ್ಬಳ್ಳಿಯವರು ಮೇಲಿನ ಮನೆಗೆ ಒಂದೇ ಸಾಲಿನ ಫೋನು ಮಾಡಿ ಬೇಡವೆಂದರು. ಯಾಕೆಂದು ಹೇಳಲಿಲ್ಲ; ಗೊತ್ತಿದ್ದದ್ದೇ ಅಲ್ಲವೆ ಎಂದು ಉಮಾಪತಿ ಕೇಳಲಿಲ್ಲ.

ಸಂಕ್ರಾಂತಿಗೆ ಲೀಲಾ ಕುಸುರೆಳ್ಳಿನ ಬಟ್ಟಲು ಕೊಟ್ಟು ಮಗಳನ್ನು ಮೇಲೆ ಕಳಿಸಿದಳು. "ಕೊಟ್ಟು ಬಂದುಬಿಡು, ನಿಂದ್ರಬ್ಯಾಡ" ಎಂದಳು. ಜಯಾ ಬಾಗಿಲಲ್ಲೇ ಬಟ್ಟಲು ಇಸಿದುಕೊಂಡಳು.

"ನೀ ಫೋನ್ ಮಾಡಿದಾಗ ಏನಂದ್ರವ್ವ ಅವರು?"

ಚಾರು ಬಟ್ಟಲನ್ನೇ ನೋಡುತ್ತ ಹೇಳಿದಳು. "ಹೇಳಿದೆ ಮೌಶಿ. ನಂದ ತಪ್ಪು ಅಂದೆ. ಅವರು ಕೇಳಲಿಲ್ಲ."

ಒಳಗಿನಿಂದ ಹೇಮಿ ಬಂದಳು. ಕೈಗೆ ಸೀಮೆಸುಣ್ಣ ಹತ್ತಿತ್ತು, ಯಾರಿಗೋ ಟ್ಯೂಷನ್ ನಡೆದಿತ್ತು. ಬಟ್ಟಲಿನಿಂದ ನಾಲ್ಕು ಕುಸುರೆಳ್ಳು ತೆಗೆದು ಚಾರುವಿನ ಕೈಗೆ ಹಾಕಿ, "ಹೇಳಿದಿಯಲ್ಲ, ಅಷ್ಟ ಸಾಕು" ಎಂದಳು. "ಅವರು ಕೇಳದಿದ್ರ ನೀ ಏನ್ ಮಾಡ್ತಿ. ಸಿಟ್ಟು ಹೋಗಾಕ ನನಗ ಸ್ವಲ್ಪ ದಿನಾ ಬೇಕು, ಅಷ್ಟ."

ಅಂದಿನಿಂದ ಮೆಟ್ಟಿಲ ಮೇಲೆ ಎದುರಾದರೆ ಎರಡು ಮಾತಾಡುವಳು. ಶಾಲೆಗೆ ತಡವಾಯಿತು, ನೀರು ಬಂತೇ, ಇಂಥವು. ಆರ್ಕುಟ್ಟಿನಲ್ಲಿ ತನ್ನ ಹೆಸರು ಅಳಿಸಿ ಹಾಕಿದ್ದಳು. ಚಾರುವಿನ ಹೆಸರಿನ ಕೆಳಗಿನ ಅಂಕಿ ಫೆಬ್ರವರಿಗೆ ಏಳುನೂರು ದಾಟಿತು. ಬರ್ಫೀವಾಲಿ ಸಾಸೂ ಏನಾದಳು ಎಂದು ಮಂದಿ ಇನ್ನೂ ಕೇಳುತ್ತಿದ್ದರು. ಆ ಲೆಕ್ಕದಲ್ಲಿ ಈಗ ಹೇಮಿ ಅವಳ ಕೆಳಗೂ ಇರಲಿಲ್ಲ, ಮೇಲೂ ಇರಲಿಲ್ಲ. ಒಂದು ಸಂಜೆ ಏಳುನೂರ ಎಂಟು ಎಂದು ಅಜ್ಜಿಗೆ ಹೇಳಿದಳು.

"ಅದಕ್ಕ ಏನ್ ಕೊಡ್ತಾರ?" ಎಂದು ಅಜ್ಜಿ ಕೇಳಿದಳು.

ಫೆಬ್ರವರಿಯ ಎರಡನೆಯ ವಾರ ಅಜ್ಜಿಯ ಕಣ್ಣು ತೋರಿಸಲು ರಾಮದಾಸಪೇಠಿನ ದವಾಖಾನೆಗೆ ಹೋಗಬೇಕಾಯಿತು. ಕಾಶೀನಾಥನಿಗೆ ರಜೆ ಸಿಗಲಿಲ್ಲ. ಚಾರು ಕರೆದುಕೊಂಡು ಹೊರಟಳು. ವರ್ಧಾ ರಸ್ತೆಯಲ್ಲಿ ಬಸ್ಸು ಹಿಡಿದರು. ಅಜ್ಜಿ ಕಿಟಕಿಗೆ, ಚಾರು ಪಕ್ಕಕ್ಕೆ. ಮುಂದಿನ ಸ್ಟಾಪಿನಲ್ಲಿ ಜನ ತುಂಬಿಕೊಂಡರು, ಸೀಟಿನ ಹಿಂದೆ ಮುಂದೆ ಕಾಲಿಡಲು ಜಾಗವಿಲ್ಲದಂತಾಯಿತು.

"ಹೇಮಿ ನಿನ್ನ ಮಾತಾಡಸ್ತಾಳೇನು?" ಅಜ್ಜಿ ಕೇಳಿದಳು. ಕಣ್ಣು ಮಂದವಾದಾಗಿನಿಂದ ಅವಳ ದನಿ ದೊಡ್ಡದಾಗಿತ್ತು.

"ಮಾತಾಡಸ್ತಾಳ ಅಜ್ಜಿ."

"ಅಂದ್ರ ಅಕಿಗೆ ಗೊತ್ತಾಗಿಲ್ಲ, ನಿಮ್ಮವ್ವ ಫೋನಿನಾಗ ಎಲ್ಲಾ ಅಕಿ ಮ್ಯಾಲ ಹಾಕಿದ್ದು."

"ಮೆಲ್ಲಗ ಅಜ್ಜಿ."

"ಯಾಕ ಮೆಲ್ಲಗ? ಇಲ್ಲಿ ಯಾರಿಗೂ ತಿಳ್ಯಂಗಿಲ್ಲ." ಅಜ್ಜಿ ಕೋಲನ್ನು ಮಂಡಿಯ ನಡುವೆ ಸರಿಯಾಗಿ ಇಟ್ಟುಕೊಂಡಳು. "ನಾ ಅಂದೆ ಅಕಿಗೆ, ಪಾಪದ ಹುಡುಗಿ ಹೆಸರಿಗೆ ಯಾಕ ಹಚ್ಚತೀ ಲೀಲಾ, ಬರದಾಕಿ ನಿನ್ನ ಮಗಳು ಅಂತ. ಅತ್ತೀ ಸುಮ್ನಿರ್ರಿ ಅಂದ್ಲು. ನೀನೂ ಅಲ್ಲೇ ಕುಂತಿದ್ದಿ, ಅವರಿಕಾಯಿ ಸುಲಕೋತ. ನನಗ ಕಣ್ಣಿಲ್ಲ, ಕಿವಿ ಅದಾವ. ಮ್ಯಾಲೆ ಹೋಗಿ ಫೋನ್ ಮಾಡೀನಿ ಅಂತ ಬ್ಯಾರೆ ಸುಳ್ಳು ಹೇಳಿ ಬಂದಿ, ನಿಮ್ಮವ್ವನ ಮುಂದ ಹೇಳೂದು ಕೇಳೀನಿ. ಇರ್ಲಿ, ಆದದ್ದು ಆತು. ನಿನಗ ಒಂದು ಛಲೋ ಗಂಡು ಸಿಗೂಮಟಾ ಬಾಯಿ ಬಿಡಬ್ಯಾಡ."

ಕಂಡಕ್ಟರ್ ಬಂದ. ಚಾರು ರಾಮದಾಸಪೇಠ್ ಎಂದು ಹೇಳಿ ಚಿಲ್ಲರೆ ಕೊಡಲು ಹಿಂದಕ್ಕೆ ತಿರುಗಿದಳು. ತನ್ನ ಸೀಟಿನ ಬೆನ್ನಿನ ಕಬ್ಬಿಣದ ಸಲಾಕೆ ಹಿಡಿದು ಹೇಮಿ ನಿಂತಿದ್ದಳು. ಹೆಗಲಿಗೆ ಚೀಲ, ಬೆರಳಿಗೆ ಸೀಮೆಸುಣ್ಣ. ಎಷ್ಟು ಹೊತ್ತಿನಿಂದ ನಿಂತಿದ್ದಳೆಂದು ಅವಳ ಮುಖ ನೋಡಿದರೆ ಕೇಳಬೇಕಾಗಿರಲಿಲ್ಲ.

ಚಾರು ಅರ್ಧ ಎದ್ದಳು. ಖಾಲಿಯಾದ ಅರ್ಧ ಸೀಟನ್ನು ಕೈಯಿಂದ ತಟ್ಟಿ ತೋರಿಸಿದಳು.

ಹೇಮಿ ಅವಳನ್ನು ನೋಡಿದಳು. ನಾಲ್ಕು ವರ್ಷದವರಿದ್ದಾಗಿನಿಂದ ಇಬ್ಬರ ನಡುವೆ ಕನ್ನಡ ಬಿಟ್ಟು ಬೇರೆ ಮಾತು ಬಂದಿರಲಿಲ್ಲ.

"ನಕೋ" ಎಂದಳು, ಮರಾಠಿಯಲ್ಲಿ, ಮೆಲ್ಲಗೆ. "ತುಮ್ಹೀ ಬಸಾ." ಬೇಡ, ನೀವೇ ಕೂತುಕೊಳ್ಳಿ. ಗುರುತಿಲ್ಲದವರಿಗೆ ಹೇಳುವ ಹಾಗೆ.

ಮುಂದಿನ ಸ್ಟಾಪ್ ಬರುವ ಮೊದಲೇ ಜನರನ್ನು ಸರಿಸುತ್ತ ಬಾಗಿಲ ಕಡೆ ಹೋದಳು. ಬಸ್ಸು ನಿಂತಿತು. ಅದು ಅವಳು ಇಳಿಯುವ ಜಾಗವಾಗಿರಲಿಲ್ಲ.

"ಯಾರದು?" ಅಜ್ಜಿ ತಲೆ ತಿರುಗಿಸಿ ಕೇಳಿದಳು. "ದನಿ ಎಲ್ಲೋ ಕೇಳಿದಂಗ ಐತಿ."

ಚಾರು ಕೂತಳು. ಕಿಟಕಿಯ ಹೊರಗೆ ನೋಡಿದಳು. ಫುಟ್‌ಪಾತಿನ ಮೇಲೆ ಹೇಮಿ ಬೆನ್ನು ಹಾಕಿ ನಡೆಯುತ್ತಿದ್ದಳು.

"ಯಾರೋ ಮರಾಠಿ ಹುಡುಗಿ ಅಜ್ಜಿ."

"ಎಷ್ಟ ಮರ್ಯಾದಿಲೆ ಮಾತಾಡಿದ್ಲು ನೋಡು" ಎಂದಳು ಅಜ್ಜಿ.